ಪರೀಕ್ಷೆಯ ದಿನ ಶಾಲೆಗೆ ಬರದ ನೇತ್ರಾ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನನ್ನನ್ನು ಶಿಕಾರಿಪುರದಿಂದ ಸೊರಬ ತಾಲ್ಲೂಕಿಗೆ ಸಿಆರ್‌ಪಿ ಮಾಡಿ ಹಾಕಿದರು. ಸಿಆರ್‌ಪಿ ಎಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಹೆಸರೇನೋ ದೊಡ್ಡದು. ಕೆಲಸವೆಂದರೆ ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಹೋಗಿ ಪಾಠ ಹೇಗೆ ನಡೆದಿದೆ, ಮಕ್ಕಳ ತಲೆಗೆ ಎಷ್ಟು ಹೋಗಿದೆ ಎಂದು ನೋಡುವುದು, ಮೇಷ್ಟ್ರುಗಳಿಗೆ ಸಲಹೆ ಕೊಡುವುದು, ಬೆನ್ನ ಹಿಂದೆ ಅವರಿಂದ ಬೈಸಿಕೊಳ್ಳುವುದು. ನನ್ನ ಬಾಯಿ ಮೊದಲೇ ಜೋರು, ಹಾಗಾಗಿ ಬೈಗುಳಕ್ಕೇನೂ ಕೊರತೆ ಇರಲಿಲ್ಲ.

ಕ್ಯಾಸನೂರಿನ ಕಡೆ, ಕಾಡಿನಂಚಿನಲ್ಲಿ ಒಂದು ಶಾಲೆ ನನ್ನ ಪಾಲಿಗೆ ಬಂದಿತ್ತು. ಊರಿನ ಹೆಸರು ಬೇಡ. ಮುಖ್ಯ ಶಿಕ್ಷಕರನ್ನು ಇಲ್ಲಿ ಶೇಖರಪ್ಪ ಎನ್ನುತ್ತೇನೆ. ಕೆಟ್ಟ ಮನುಷ್ಯರಲ್ಲ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು, ಬಿಸಿಯೂಟದ ಉಸ್ತುವಾರಿಯೂ ಅವರದೇ, ಆಫೀಸಿನವರು ಗಳಿಗೆಗೊಮ್ಮೆ ಕೇಳುವ ಮಾಹಿತಿ ಕಳಿಸುವುದೂ ಅವರೇ.

ಜನವರಿಯಲ್ಲಿ ಮೊದಲ ಸಲ ಹೋದಾಗ ಐದನೇ ತರಗತಿಗೆ ಗಣಿತ ನಡೆದಿತ್ತು. "ಏಳೆಂಟ್ಲಿ?" ಎಂದರು ಶೇಖರಪ್ಪ. "ಐವತ್ತಾರು!" ಎಂದು ಇಡೀ ಕೋಣೆ ಕೂಗಿತು. "ಅರ್ಥ ಆಯ್ತಾ?" "ಆಯ್ತು ಸಾರ್!" ಹೆಂಚು ಹಾರಿಹೋಗುವಂಥ ಸದ್ದು. ನಮ್ಮ ಶಾಲೆಗಳಲ್ಲಿ ಕಲಿಕೆಯನ್ನು ಅಳೆಯುವುದು ಬಹಳ ಕಡೆ ಹೀಗೆಯೇ, ಕೂಗಿನಿಂದ. ಪಾಠ ನಡೆಯುವಾಗಲೇ ಒಂದೊಂದು ಮಗು ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳುವುದಕ್ಕೆ ಇಲಾಖೆ ಇಟ್ಟ ಹೆಸರು ರೂಪಣಾತ್ಮಕ ಮೌಲ್ಯಮಾಪನ. ಇಪ್ಪತ್ತು ಮಕ್ಕಳು ಒಟ್ಟಿಗೆ ಕಿರುಚಿದರೆ ಯಾರು ಎಲ್ಲಿ ನಿಂತಿದ್ದಾರೆ ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಕಿಟಕಿಯ ಪಕ್ಕ ಒಬ್ಬ ಹುಡುಗಿ ಬಾಯಿ ಮುಚ್ಚಿಕೊಂಡು ಕೂತಿದ್ದಳು.

"ಯಾಕ್ರೀ ಶೇಖರಪ್ಪ, ಆ ಹುಡುಗಿ ಬಾಯಿನೇ ತೆಗೀಲಿಲ್ಲಲ್ಲ?"

"ನೇತ್ರಾ ಅಂತ. ಅದನ್ನ ಬಿಡಿ ಮೇಡಂ. ಅದಕ್ಕೆ ಎಂತದೂ ಬರದಿಲ್ಲ."

ಅವಳ ಎದುರಿಗೇ ಹೇಳಿದರು. ನನಗೆ ಮೈ ಉರಿಯಿತು. ಉಳಿದವರನ್ನು ಆಟಕ್ಕೆ ಬಿಡಿಸಿ ಅವಳ ಪಕ್ಕ ನೆಲದ ಮೇಲೆ ಕೂತೆ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ ಎಷ್ಟು ಎಂದು ಕೇಳಿದೆ. ಹುಡುಗಿ ಸುಮ್ಮನೆ ಕಿಟಕಿ ನೋಡಿದಳು. ನಾನೂ ಸುಮ್ಮನಿದ್ದೆ. ಮೇಷ್ಟ್ರಾದವರಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಉತ್ತರ ನಾಲಿಗೆ ತುದಿಯಲ್ಲಿ ಕುಣಿಯುತ್ತಿರುತ್ತದೆ. ಹೊರಗೆ ಮಕ್ಕಳು ಒಂದು ಆಟ ಮುಗಿಸಿ ಇನ್ನೊಂದಕ್ಕೆ ಜಗಳ ಶುರು ಮಾಡಿದ್ದರು. ಆಗ ಅವಳ ದನಿ ಬಂತು.

"ಇಪ್ಪತ್ತೇಳಕ್ಕೆ ಮೂರು ಹಾಕಿದ್ರೆ ಮೂವತ್ತು. ಮತ್ತೆ ಇಪ್ಪತ್ತು ಹಾಕಿದ್ರೆ ಐವತ್ತು. ಮೇಲೆ ಎರಡು. ಇಪ್ಪತ್ತೈದು ಅಕ್ಕೋರೇ."

ಪುಸ್ತಕದ ದಾರಿಯಲ್ಲ, ಅವಳದೇ ದಾರಿ. ಕನ್ನಡದ ಒಂದು ಪಾಠ ಓದಲು ಕೊಟ್ಟೆ. ಮನಸ್ಸಿನಲ್ಲೇ ಓದಿ, ಬಹಳ ಹೊತ್ತು ಬಿಟ್ಟು, ಕಥೆಯನ್ನು ಸ್ವಂತ ಮಾತಿನಲ್ಲಿ ಹೇಳಿದಳು. ಒಂದು ತಪ್ಪಿಲ್ಲ. ಹುಡುಗಿ ದಡ್ಡಿಯಲ್ಲ, ನಿಧಾನ ಅಷ್ಟೇ. ನಾನು ಏಳುವಾಗ "ನಾಳೆನೂ ಬತ್ತೀರಾ ಅಕ್ಕೋರೇ?" ಎಂದು ಕೇಳಿದಳು.

"ಬರುತ್ತೆ ರೀ ಅವಳಿಗೆ, ಸ್ವಲ್ಪ ಹೊತ್ತು ಕಾಯ್ರಿ" ಎಂದೆ ಶೇಖರಪ್ಪನವರಿಗೆ.

"ಫೆಬ್ರವರಿಗೆ ಹೊರಗಿನೋರು ಬಂದು ಪರೀಕ್ಷೆ ಮಾಡ್ತಾರಲ್ಲ ಮೇಡಂ, ಅವ್ರು ಕಾಯ್ತಾರಾ?" ಎಂದರು. ಅವರ ಮಾತು ಸುಳ್ಳಲ್ಲ. ಕಲಿಕಾ ಮಟ್ಟದ ಆ ಪರೀಕ್ಷೆಯಲ್ಲಿ ಬೇರೆ ಕಡೆಯ ಶಿಕ್ಷಕರು ಬಂದು ಪ್ರಶ್ನೆ ಕೇಳಿ, ಇಡೀ ಶಾಲೆಗೆ ಒಂದು ದರ್ಜೆ ಕೊಡುತ್ತಾರೆ. ಕಡಿಮೆ ದರ್ಜೆ ಬಂದ ಶಾಲೆಯವರನ್ನು ತಾಲ್ಲೂಕು ಸಭೆಯಲ್ಲಿ ಎಲ್ಲರೆದುರು ಎದ್ದು ನಿಲ್ಲಿಸುತ್ತಾರೆ. ಹಿಂದಿನ ವರ್ಷ ನಿಂತವರಲ್ಲಿ ಶೇಖರಪ್ಪನವರೂ ಒಬ್ಬರು.

ಆಮೇಲೂ ಬಿಡುವಾದಾಗಲೆಲ್ಲ ಹೋಗಿ ನೇತ್ರಾಳ ಪಕ್ಕ ಕೂತೆ. ಉತ್ತರ ಬರುವ ಹೊತ್ತು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಿತ್ತು. ಫೆಬ್ರವರಿಯ ಪರೀಕ್ಷೆಯ ದಿನ ಮಧ್ಯಾಹ್ನ ನಾನು ಶಾಲೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶೇಖರಪ್ಪನವರ ಮುಖದಲ್ಲಿ ನಗು. ಕಿಟಕಿಯ ಪಕ್ಕ ಜಾಗ ಖಾಲಿ.

"ಜ್ವರ ಅಂತೆ" ಎಂದರು.

"ಇಲ್ಲ ಮೇಡಂ, ಇವತ್ತು ಬರಬೇಡ ಅಂತ ಸಾರೇ ಹೇಳಿದ್ರು" ಎಂದಳು ಮುಂದಿನ ಸಾಲಿನ ಒಬ್ಬಳು, ಏನೂ ಅರಿಯದೆ.

ಇದು ನಮ್ಮ ಕಸುಬಿನ ಹಳೇ ಚಾಳಿ. ಮೇಲಿನವರು ಬರುವ ದಿನ 'ಏನೂ ಬಾರದ' ಮಕ್ಕಳನ್ನು ಮನೆಯಲ್ಲೇ ಇರಲು ಹೇಳುವುದು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಾನು ಶೇಖರಪ್ಪನವರಿಗೆ ಬಾಯಿಗೆ ಬಂದದ್ದು ಅಂದು ನೇತ್ರಾಳ ಮನೆಗೆ ನಡೆದೆ.

ತಾಯಿ ಗಂಗಮ್ಮ ಕೊಟ್ಟಿಗೆಯ ಮುಂದೆ ದರಗಿನ ಹೊರೆ ಬಿಚ್ಚುತ್ತಿದ್ದಳು. ದರಗು ಎಂದರೆ ಕಾಡಿನ ಒಣ ಎಲೆ, ದನಗಳ ಕಾಲಡಿಗೆ ಹಾಸುವುದು. ಬೇಸಿಗೆ ಏರುವ ಈ ತಿಂಗಳುಗಳಲ್ಲಿ ಎಲ್ಲರೂ ಕಾಡಿಗೆ ಹೋಗಿ ಗುಡಿಸಿ ತರುತ್ತಾರೆ. ಜೀವ ತೆಗೆಯುವ ಮಂಗನ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ ಹುಳಗಳ ಹಾವಳಿಯೂ ಈ ತಿಂಗಳುಗಳಲ್ಲೇ. ಕಾಡಿಗೆ ಹೋಗಬೇಡಿ, ಹೋಗುವುದೇ ಆದರೆ ಹುಳ ಹತ್ತದ ಹಾಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಹೋಗಿದ್ದರು. ಆದರೆ ದನಕ್ಕೆ ಹಾಸಬೇಕಲ್ಲ.

"ಶಾಲೆಗೆ ಬ್ಯಾಡ ಅಂದ್ರಂತೆ ಅಕ್ಕೋರೇ. ಮನೇಲಿ ಸುಮ್ನೆ ಕೂತು ಎಂತ ಮಾಡದು ಅಂತ ನನ್ನ ಸಂಗಡ ಕರ್ಕೊಂಡು ಹೋದೆ" ಎಂದಳು ಗಂಗಮ್ಮ. ಹಿಂದಿನಿಂದ ಚಿಕ್ಕ ಹೊರೆ ಹೊತ್ತು ನೇತ್ರಾ ಬಂದಳು. ನನ್ನನ್ನು ಕಂಡು ಹೊರೆ ಇಳಿಸಿ, ತಪ್ಪು ಮಾಡಿದವಳಂತೆ ನಿಂತಳು. ಇನ್ನು ಯಾರು ಬೇಡ ಅಂದರೂ ಶಾಲೆಗೆ ಬರಬೇಕು ಎಂದೆ. ತಲೆಯಾಡಿಸಿದಳು. ಮರುದಿನ ಬಂದಳಂತೆ, ಅದರ ಮರುದಿನವೂ ಬಂದಳಂತೆ.

ವಾರ ತುಂಬುವುದರೊಳಗೆ ಜ್ವರ ಹಿಡಿಯಿತು. ಸೊರಬದ ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗ. ರಕ್ತದ ವರದಿ ಮಂಗನ ಕಾಯಿಲೆ ಎಂದಿತು. ಮೂಗಿನಲ್ಲಿ ರಕ್ತ ಬರಲು ಶುರುವಾದ ಮೇಲೆ ಹುಡುಗಿ ಉಳಿಯಲಿಲ್ಲ.

ಉಣುಗು ಯಾವ ದಿನ ಕಚ್ಚಿತೆಂದು ಯಾರಿಗೂ ಹೇಳಲು ಬರುವುದಿಲ್ಲ. ಕೊಟ್ಟಿಗೆಯಲ್ಲೇ ಕಚ್ಚಿರಬಹುದು. ಶೇಖರಪ್ಪನವರೂ ಅದನ್ನೇ ಹೇಳಿಕೊಂಡು ನನ್ನೆದುರು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಆ ದಿನ ಅವಳು ಇರಬೇಕಾದದ್ದು ತರಗತಿಯಲ್ಲಿ, ಇದ್ದದ್ದು ಕಾಡಿನಲ್ಲಿ. ಅಷ್ಟು ಮಾತ್ರ ಖಂಡಿತ.

ಮುಂದಿನ ತಾಲ್ಲೂಕು ಸಭೆಯಲ್ಲಿ ಆ ಶಾಲೆಗೆ ಉತ್ತಮ ದರ್ಜೆ ಎಂದು ಓದಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು, "ಇದರಲ್ಲಿ ಒಂದು ಮಗುವಿನ ಉತ್ತರ ಸೇರಿಲ್ಲ. ಬರಬೇಡ ಅಂತ ಮನೇಲಿ ಇರಿಸಿದ್ದರು. ಈಗ ಅದು ಬದುಕಿಲ್ಲ" ಎಂದೆ. ಶೇಖರಪ್ಪನವರಿಗೆ ನೋಟಿಸ್ ಹೋಯಿತು, ಆಮೇಲೆ ವರ್ಗವಾಯಿತು. ದರ್ಜೆ ಮಾತ್ರ ಹಾಗೆಯೇ ಉಳಿಯಿತು.

ಗಂಗಮ್ಮನ ಮನೆಗೆ ಮತ್ತೆ ಹೋಗಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಆದರೂ ಹೋದೆ. ಅವಳು ಅಳಲಿಲ್ಲ.

"ಅವ್ಳಿಗೆ ಬರ್ತಿತ್ತಾ ಅಕ್ಕೋರೇ? ನಿಜ ಹೇಳಿ."

"ಬರ್ತಿತ್ತು ಗಂಗಮ್ಮ. ಎಲ್ಲಾ ಬರ್ತಿತ್ತು."

"ಹಂಗಾರೆ ಯಾಕೆ ಬ್ಯಾಡ ಅಂದ್ರು?"

ಮೌಲ್ಯಮಾಪನದ ವಿಷಯದಲ್ಲಿ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಮಗುವನ್ನು ಒಂಟಿಯಾಗಿ ಪಕ್ಕಕ್ಕೆ ಕೂರಿಸಿಕೊಂಡು ಕೇಳಬೇಕು, ಕೇಳಿದ ಮೇಲೆ ಕಾಯಬೇಕು, ಶಾಲೆಗೆ ಬಾರದ ಮಗುವನ್ನು ಹುಡುಕಿಕೊಂಡು ಹೋಗಬೇಕು. ಈಗಲೂ ಶಿಕ್ಷಕರ ತರಬೇತಿಗೆ ಕರೆಯುತ್ತಾರೆ. ಮೊದಲು ನೇತ್ರಾಳ ಕಥೆ ಹೇಳಿ, ಗಂಗಮ್ಮನ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು ತಿರುಗಿ ನಿಲ್ಲುತ್ತೇನೆ. ಯಾರೂ ಕೂಗಿ ಉತ್ತರ ಹೇಳುವುದಿಲ್ಲ.