ಕುದ್ರುವಿನಲ್ಲಿ ನೀರು ಕಾಯ್ದ ಮಧ್ಯಾಹ್ನ

ಬೇಸಿಗೆ ಬಂತೆಂದರೆ ನಮಗೆ ಸಮುದ್ರ. ಎಪ್ಪತ್ತರ ದಶಕದ ಶುರುವಿನ ಮಾತು. ಹಲಸೂರಿನಿಂದ ನಾನು, ಲಿಂಗರಾಜಪುರದಿಂದ ಒಬ್ಬಳು, ಮಲ್ಪೆಯಿಂದ ಬಂದು ಕೆ.ಆರ್. ಪುರದ ಅಣ್ಣನ ಮನೆಯಲ್ಲಿದ್ದವಳು ಇನ್ನೊಬ್ಬಳು. ಮೂವರೂ ಒಂದೇ ಕಾರ್ಖಾನೆಯಲ್ಲಿ, ಒಂದೇ ಬೆಂಚಿನಲ್ಲಿ ಕೂತು ತಾಮ್ರದ ತಂತಿ ಸುತ್ತುತ್ತಿದ್ದೆವು. ಮೇ ತಿಂಗಳಲ್ಲಿ ಕಾರ್ಖಾನೆಗೆ ರಜೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಮಲ್ಪೆಯವಳ ಚಿಕ್ಕಮ್ಮನ ಮನೆಗೆ ಓಡುವುದು. ಅಲ್ಲಿ ಬೆಳಿಗ್ಗೆ ಗಂಜಿ ಕುಡಿದು ದೋಣಿ ಹತ್ತಿದರೆ ದಿನಕ್ಕೊಂದು ದ್ವೀಪ, ಸಂಜೆಗೆ ಮನೆ. ಒಂದು ದಿನ ಕಂಬ ಕಂಬವಾಗಿ ನಿಂತ ಕಪ್ಪು ಕಲ್ಲಿನ ದ್ವೀಪ, ಇನ್ನೊಂದು ದಿನ ಹೊಳೆ ಕಡಲು ಸೇರುವಲ್ಲಿನ ಪುಟ್ಟ ದ್ವೀಪಗಳು. ಅವಕ್ಕೆ ಅಲ್ಲಿಯವರು ಕುದ್ರು ಎನ್ನುತ್ತಾರೆ. ಆ ನೀರಿನ ಹಸಿರು, ಆ ಗಾಳಿ, ಆ ತೆಂಗಿನ ನೆರಳು! ಇದನ್ನೆಲ್ಲ ಮೊಮ್ಮಕ್ಕಳಿಗೆ ಹೇಳಲು ಕೂತರೆ ನನಗೆ ಮೈಯೆಲ್ಲ ಬಾಯಿ.

ಮೂರನೆಯ ಬೇಸಿಗೆಗೆ ಹೊರಟಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹೋಗ್ತೀಯಾ, ಹೋಗು. ಆದ್ರೆ ಇದೇ ಕೊನೆ. ಭಾನುವಾರ ನಾಲ್ಕು ಗಂಟೆಗೆ ಗಂಡಿನ ಕಡೆಯವ್ರು ಬರ್ತಾರೆ. ಬಿಸಿಲಿಗೆ ಮುಖ ಕೊಟ್ಟು ಕರ್ರಗಾಗಿ ಬಂದ್ರೆ ನೋಡು ಮತ್ತೆ."

ಕಪ್ಪಾಗುವುದಕ್ಕೆ ನಾನು ಹೆದರಲಿಲ್ಲ. "ಇದೇ ಕೊನೆ" ಎಂದಳಲ್ಲ, ಅದನ್ನೇ ದಾರಿಯುದ್ದಕ್ಕೂ ಗೆಳತಿಯರ ಮುಂದೆ ಹೇಳುತ್ತಾ ಹೋದೆ. ಮದುವೆಯಾದ ಹೆಂಗಸು ಗೆಳತಿಯರ ಜೊತೆ ಸಮುದ್ರಕ್ಕೆ ಹೋಗುವುದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಶನಿವಾರ, ಬೆಂಗಳೂರಿಗೆ ವಾಪಸು ಹೊರಡುವ ದಿನ, ಮಲ್ಪೆಯವಳಿಗೆ ಜ್ವರ. ನಾವಿಬ್ಬರೇ ಅವಳ ಚಿಕ್ಕಪ್ಪನ ಸಣ್ಣ ದೋಣಿ ತೆಗೆದುಕೊಂಡು ಹತ್ತಿರದ ಕುದ್ರುವಿಗೆ ಹೊರಟೆವು. "ಬೇಗ ಬನ್ನಿ, ತಡ ಮಾಡ್ಬೇಡಿ" ಎಂದು ಅವಳು ಚಾಪೆಯಿಂದಲೇ ಕೂಗಿದಳು. ಯಾಕೆಂದು ನಾವು ಕೇಳಲಿಲ್ಲ. ಲಿಂಗರಾಜಪುರದವಳ ಅಣ್ಣ ಹಲಸೂರು ಕೆರೆಯಲ್ಲಿ ಬಾಡಿಗೆ ದೋಣಿ ನಡೆಸುತ್ತಿದ್ದವನು, ಹಾಗಾಗಿ ಇವಳಿಗೆ ಹುಟ್ಟು ಹಾಕುವುದು ಗೊತ್ತು.

"ಗಟ್ಟಿಯಾಗಿ ಕಟ್ಟೇ, ಹೋಗ್ಬಿಡುತ್ತೆ" ಎಂದೆ, ದಡ ಮುಟ್ಟಿದ ಮೇಲೆ.

"ಪೋಡೀ, ಹೋಗೇ ಹೆದರುಪುಕ್ಲಿ! ನಮ್ಮಣ್ಣ ಸೋಮವಾರ ಕಟ್ಟಿದ ದೋಣಿ ಶುಕ್ರವಾರ ಅಲ್ಲೇ ಇರುತ್ತೆ."

ದೋಣಿಯೇನೋ ಅಲ್ಲೇ ಇತ್ತು. ಚಿತ್ರಾನ್ನ ತಿಂದು, ಚಿಪ್ಪು ಆರಿಸಿ, ಹಾಡಿ ಕುಣಿದು ಬಂದು ನೋಡಿದರೆ ನೀರಿಲ್ಲ! ದೋಣಿ ಕೆಸರಿನಲ್ಲಿ ಎಮ್ಮೆಯ ಹಾಗೆ ಮಲಗಿದೆ. ನೀರು ಐವತ್ತು ಹೆಜ್ಜೆ ಆಚೆ.

ಕೆರೆ ನೋಡಿ ಬೆಳೆದ ನಮ್ಮ ತಲೆಗೆ ಹೊಳೆದದ್ದು ಒಂದೇ.

"ಯಾರೋ ತೂಬು ತೆಗೆದ್ಬಿಟ್ಟಿದ್ದಾರೆ ಕಣೇ!" ಎಂದು ಅವಳು ಚೀರಿದಳು. ನಾನೂ ನಂಬಿದೆ. ಆಚೆ ಕೆಸರಿನಲ್ಲಿ ಒಬ್ಬ ಹೆಂಗಸು ಬಗ್ಗಿ ಚಿಪ್ಪುಮೀನು ಹೆಕ್ಕುತ್ತಿದ್ದಳು. ಇಬ್ಬರೂ ಸೇರಿ ಕೂಗಿದೆವು: "ಅಮ್ಮಾ, ತೂಬು ತೆಗೆದಿದ್ದು ಯಾರ್ರೀ? ಮುಚ್ಚೋಕೆ ಹೇಳ್ರೀ!"

ಆಕೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಎಂಥ ತೂಬು ಮಾರಾಯ್ತಿ! ಕಡಲು ಇಳಿದದ್ದು. ಸಂಜೆಗೆ ತಿರುಗಿ ಬರ್ತದೆ. ಎಲ್ಲಿಯವರು ನೀವು?"

"ಬೆಂಗಳೂರು."

"ಹಾಗೆ ಹೇಳಿ" ಎಂದು ಆಕೆ ಬಗ್ಗಿದವಳು ನಗುತ್ತಲೇ ಇದ್ದಳು.

ದೋಣಿ ತಳ್ಳಲು ಹೋಗಿ ಮೊಣಕಾಲವರೆಗೆ ಹೂತುಕೊಂಡೆವು. ಆ ಕುದ್ರುವಿನಲ್ಲಿದ್ದದ್ದು ಮೋಟು ಪೊದೆ ಮಾತ್ರ, ನೆರಳೆಂಬುದು ಇಲ್ಲ. ಸೆರಗು ಹೊದ್ದು ಕೂತರೆ ಸೆರಗೂ ಕಾದು ಹಂಚಾಯಿತು. ನೀರು ಒಂದೊಂದೇ ಗೇಣು ಬರುವುದನ್ನು ನೋಡುತ್ತಾ ಇಡೀ ಮಧ್ಯಾಹ್ನ ಕಳೆದೆವು. ದೋಣಿ ತೇಲಿದಾಗ ಐದು ಗಂಟೆ. ಕೆಸರುಗಾಲಿನಲ್ಲೇ ಓಡಿ ಸಂಜೆಯ ಬಸ್ಸು ಹಿಡಿದೆವು.

ಭಾನುವಾರ ನನ್ನ ಮುಖ ಸುಟ್ಟ ಬದನೆಕಾಯಿ. ಮೂಗಿನ ತುದಿಯಲ್ಲಿ ಸಿಪ್ಪೆ ಏಳುತ್ತಿತ್ತು. ಅಮ್ಮ ಪೌಡರ್ ಬಳಿದಷ್ಟೂ ಬೂದಿ ಮೆತ್ತಿದಂತೆ ಕಾಣುತ್ತಿತ್ತು. ಗರುಡಾಚಾರ್‌ಪಾಳ್ಯದಿಂದ ಬಂದ ಗಂಡಿನ ತಾಯಿ ನಾವು ಮೊದಲೇ ಕಳಿಸಿದ್ದ ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಜ್ವರ ಬಂದಿತ್ತು ರೀ, ಪಾಪ" ಎಂದಳು ಅಮ್ಮ.

ನನಗೆ ತಡೆಯಲಾಗಲಿಲ್ಲ. "ಜ್ವರ ಅಲ್ಲ, ದ್ವೀಪದಲ್ಲಿ ಸಿಕ್ಕಾಕ್ಕೊಂಡಿದ್ವಿ" ಎಂದು ಶುರು ಮಾಡಿದವಳು ಕೆಸರು, ಚಿಪ್ಪಿನ ಹೆಂಗಸು ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಕಣ್ಣಲ್ಲೇ ನನ್ನನ್ನು ಸುಡುತ್ತಿದ್ದಳು. ನನ್ನನ್ನು ನೋಡಲು ಬಂದಿದ್ದ ಹುಡುಗ ಮಾತ್ರ ಕಾಫಿ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಾಯಿ "ಸುಮ್ನಿರೋ" ಎಂದಷ್ಟೂ ಅವನ ನಗು ಹೆಚ್ಚಾಯಿತು.

ಆ ನಗು ನೋಡಿ ನನಗೆ ಧೈರ್ಯ ಬಂತು. ಹೇಳಿಯೇ ಬಿಟ್ಟೆ. "ವರ್ಷಕ್ಕೊಂದ್ಸಲ ಗೆಳತಿಯರ ಜೊತೆ ಹೋಗ್ತೀನಿ. ಮದುವೆ ಆದ್ಮೇಲೂ ಹೋಗ್ಬೇಕು ನನಗೆ."

ಅವನು ತಲೆ ಕೆರೆದುಕೊಂಡ.

"ಗಂಡಸರು ಬರಬಹುದಾ?"

"ಊಹೂಂ."

"ಅಷ್ಟು ದಿನ ನನಗೆ ಊಟ?"

"ಅನ್ನ ಮಾಡೋಕೆ ಬರಲ್ವಾ ನಿಮಗೆ?"

"ಕಲೀತೀನಿ ಬಿಡಿ" ಎಂದ. ಅವನ ತಾಯಿ ಹಣೆ ಹಿಡಿದುಕೊಂಡರು, ನಮ್ಮಮ್ಮನೂ ಹಣೆ ಹಿಡಿದುಕೊಂಡಳು. ಅಲ್ಲಿಂದ ಬೀಗಿತ್ತಿಯರಿಬ್ಬರೂ ಒಂದಾಗಿಬಿಟ್ಟರು.

ಮುಂದಿನ ಮೇ ತಿಂಗಳಲ್ಲಿ ನಮ್ಮ ಯಜಮಾನರೇ ನನ್ನ ಚೀಲ ಹೊತ್ತು ಬಸ್ ನಿಲ್ದಾಣಕ್ಕೆ ಬಂದರು. ಆಗಲೇ ಬಸ್ಸಿನಲ್ಲಿದ್ದ ಇಬ್ಬರೂ "ಬಾರೇ ಬಾರೇ" ಎಂದು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕಿರುಚುತ್ತಿದ್ದರು. ನಾನು ಹತ್ತಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡಿ ಗೆದ್ದು ಹೊರಗೆ ನೋಡಿದೆ. ಅವರು ಕೆಳಗೆ ನಿಂತು ಗಂಭೀರವಾಗಿ ಕೇಳುತ್ತಿದ್ದರು: "ಅನ್ನಕ್ಕೆ ನೀರು ಎಷ್ಟು ಅಂದೆ? ಒಂದಕ್ಕೆ ಎರಡಾ?"

ಬಸ್ಸು ಹೊರಟಿತು. ನಾನು ಎರಡು ಬೆರಳು ತೋರಿಸಿದೆ.