ಮಾವನ ಕೈ ಹಿಡಿಯಲು ಕಲಿಸುವ ಉಚ್ಚಂಗೆವ್ವ

ಗಳಗನಾಥದ ಆಚೆ, ಹೊಳೆಯ ಮಡುವಿನ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತ ಉಚ್ಚಂಗೆವ್ವ ಗದರುತ್ತಾರೆ: "ಮಾವ ಅಂತ ನಾಚಕೋಬ್ಯಾಡವ್ವಾ, ಕೈ ಹಿಡಿ! ಲಗೂ ಹಿಡಿ!" ಕಚ್ಚೆ ಹಾಕಿದ ಸೊಸೆಯೊಬ್ಬಳು ಮುಳುಗುವ ಹೊತ್ತಿನಲ್ಲೂ ತಲೆಯ ಸೆರಗು ಸರಿಮಾಡಿಕೊಳ್ಳುತ್ತಾಳೆ. ತೆಪ್ಪದಿಂದ ಕೈ ಚಾಚಿರುವ ಹಿರಿಯ ಹಾಲೇಶಪ್ಪ ಊರಿನ ಸೊಸೆಯಂದಿರಿಗೆಲ್ಲ ಮಾವನ ಸಮಾನ.

ಇದು ತಮಾಷೆಯಲ್ಲ. ಮೂರು ವರ್ಷದ ಹಿಂದಿನ ನೆರೆಯಲ್ಲಿ ಹಾಲೇಶಪ್ಪನವರ ಸ್ವಂತ ಸೊಸೆ ರೋಹಿಣಿ ಜಾಲಿ ಮರ ಹಿಡಿದು ನಿಂತಿದ್ದಳು. ಮಾವ ತೆಪ್ಪದಿಂದ ಕೈ ಕೊಟ್ಟರು. ಮಾವನನ್ನು ಮುಟ್ಟಬಾರದೆಂಬ ಮಾತು ಕೇಳುತ್ತಲೇ ಬೆಳೆದವಳು ಹಿಂಜರಿದಳು. ಅಷ್ಟರಲ್ಲಿ ಸೆಳವು ಅವಳನ್ನು ಎಳೆದೊಯ್ದಿತು. "ಆಕಿ ತಪ್ಪಲ್ಲರಿ. ಅಂಥಾ ಹೊತ್ತಿನ್ಯಾಗ ಹಿಡೀಬೇಕಂತ ನಾವ್ಯಾರೂ ಆಕಿಗೆ ಹೇಳಿರಲಿಲ್ಲ," ಎನ್ನುತ್ತಾರೆ ಹಾಲೇಶಪ್ಪ.

ಅಂದಿನಿಂದ, ಅಂಬಿಗರ ಮನೆಯ ಉಚ್ಚಂಗೆವ್ವ ಹೊಲದ ಕೂಲಿಗೆ ಹೋಗುವ ಮುನ್ನ ಹೆಂಗಸರಿಗೆ ಉಟ್ಟ ಸೀರೆಯಲ್ಲೇ ಈಜು ಕಲಿಸುತ್ತಿದ್ದಾರೆ. "ಸೀರಿ ಬದಲಿ ಮಾಡಾಕ ನೆರಿ ಪುರಸೊತ್ತು ಕೊಡತೈತೇನ್ರಿ?" ಎಂದು ನಮ್ಮನ್ನೇ ಕೇಳುತ್ತಾರೆ. ಅವರ ಬಳಿ ಇರುವುದು ತೇಪೆ ಹಾಕಿದ ಲಾರಿ ಟ್ಯೂಬು, ಬಾವಿಯ ಹಳೆಯ ಹಗ್ಗ. ಮೊನ್ನೆ ಆ ಹಗ್ಗ ನಡುನೀರಿನಲ್ಲಿ ಹರಿದು ಜಯವ್ವ ಎಂಬಾಕೆ ನೀರು ಕುಡಿದರು. ಹೆದರಿ ಅರ್ಧದಷ್ಟು ಹೆಂಗಸರು ಬರುವುದನ್ನೇ ಬಿಟ್ಟಿದ್ದಾರೆ. ಮಳೆಗಾಲ ಹತ್ತಿರ ಬಂದಿದೆ.

ಹಾಗಾದರೆ ಹಣವಿಲ್ಲವೇ? ಇತ್ತು! ನೆರೆ ಎದುರಿಸುವ ತರಬೇತಿಗೆಂದೇ ಅನುದಾನ ಬಂದಿತ್ತು. ಅದು ಪಟ್ಟಣದ ಸಭಾಂಗಣವೊಂದರಲ್ಲಿ ಬ್ಯಾನರು, ಹಾರ, ಉಪ್ಪಿಟ್ಟು, ಕೇಸರಿಬಾತಾಗಿ ಮುಗಿಯಿತು. ಅಲ್ಲಿ ನೀರು ಇದ್ದದ್ದು ಬಾಟಲಿಯಲ್ಲಿ ಮಾತ್ರ. ಉಚ್ಚಂಗೆವ್ವನನ್ನೂ ಕರೆಸಿ ಶಾಲು ಹೊದಿಸಿದರು. ಹಗ್ಗ ಕೇಳಿದ್ದಕ್ಕೆ ಅಧಿಕಾರಿಯೊಬ್ಬರು, "ಇದು ತರಬೇತಿ ಹಣ ಕಣಮ್ಮ, ಸಾಮಾನಿಗೆ ಬರಲ್ಲ" ಎಂದರಂತೆ. ಕೇಳಿದರೆ ಮೈ ಉರಿಯುತ್ತದೆ. ಹೊಳೆಯ ಮುಖ ನೋಡದವರು ಫ್ಯಾನಿನ ಕೆಳಗೆ ಕುಳಿತು ಸರ್ಟಿಫಿಕೇಟು ಹಂಚಿಕೊಂಡರು. ನೆರೆ ಬಂದರೆ ಮುಳುಗುವ ಹೆಂಗಸರಲ್ಲಿ ಒಬ್ಬರಿಗೂ ಅಲ್ಲಿ ಕುರ್ಚಿ ಇರಲಿಲ್ಲ. ನಾಚಿಕೆಯಾಗಬೇಕಾದದ್ದು ಯಾರಿಗೆ?

ಮಡುವಿನಲ್ಲಿ ಸೊಸೆ ಕೊನೆಗೂ ಕೈ ಹಿಡಿಯುತ್ತಾಳೆ. ಹಾಲೇಶಪ್ಪ ಅವಳನ್ನು ತೆಪ್ಪಕ್ಕೆಳೆದು, ಮುಖ ಆಚೆ ತಿರುಗಿಸುತ್ತಾರೆ.

ಏನು ಬೇಕೆಂದು ಕೇಳಿದೆವು. ಉಚ್ಚಂಗೆವ್ವ ಸೀರೆಯ ನೀರು ಹಿಂಡುತ್ತ ಹೇಳಿದರು: "ಒಂದು ಗಟ್ಟಿ ಹಗ್ಗ ಕೊಟ್ರ ಪುಣ್ಯ ಬರತೈತ್ರಿ. ಕೊಡಲಿಲ್ಲಂದ್ರೂ ನಾ ಏನ್ ಬಿಡಾಕಿ ಅಲ್ಲ. ನಮ್ಮೂರಾಗ ಇನ್ನ ಯಾವ ಸೊಸಿನೂ ಮಾವ ಅಂತ ನಾಚಿ ಸಾಯಾಂಗಿಲ್ಲ."