ಪಳ್ಳಿಯ ಮುಚ್ಚಿಗೆ ನಮ್ಮ ಕೊಟ್ಟಿಗೆಯಲ್ಲಿ

ನಮ್ಮ ಮನೆ ಇರುವುದು ಬಂಟ್ವಾಳ ಪೇಟೆಯ ಹಳೆಯ ಪಳ್ಳಿಯ ಬೆನ್ನಿಗೆ. ಮಸೀದಿಗೆ ನಾವು ಪಳ್ಳಿ ಎನ್ನುತ್ತೇವೆ. ರಸ್ತೆಯಿಂದ ನೋಡಿದವರಿಗೆ ಅದು ನಿನ್ನೆ ಮೊನ್ನೆ ಕಟ್ಟಿದ ಹಾಗೆ ಕಾಣುತ್ತದೆ. ಎರಡು ಮಿನಾರ, ಹಸಿರು ಗುಂಬಜ, ಗಲ್ಫಿನಲ್ಲಿರುವವರು ಸೇರಿ ಕಟ್ಟಿಸಿದ ಕಾಂಕ್ರೀಟಿನ ಮುಂಭಾಗ. ನನ್ನ ಅಡುಗೆಮನೆಯ ಕಿಟಕಿಗೆ ಕಾಣುವುದು ಬೇರೆಯೇ ಪಳ್ಳಿ: ಮುರಕಲ್ಲಿನ ಗೋಡೆ, ಇಳಿಜಾರಾದ ಹೆಂಚಿನ ಮಾಡು, ಗಾಳಿಯಾಡಲು ಬಿಟ್ಟ ಮರದ ಅಳಿಗಳು. ನೇತ್ರಾವತಿಯಲ್ಲಿ ಓಡಗಳು ಬರುತ್ತಿದ್ದ ಕಾಲದಲ್ಲಿ ಅಕ್ಕಿ, ಉಪ್ಪು, ಒಣಮೀನಿನ ವ್ಯಾಪಾರದವರು ಕಟ್ಟಿಸಿದ್ದು ಎಂದು ಮಾವ ಹೇಳುತ್ತಿದ್ದರು. ಎಷ್ಟು ವರ್ಷವಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಯಾರನ್ನೂ ನಂಬಿಲ್ಲ.

ಒಳಗೆ ಹೇಗಿದೆ ಎಂದು ಕಣ್ಣಾರೆ ಕಂಡವಳಲ್ಲ. ನಮ್ಮ ಜಮಾಅತಿನಲ್ಲಿ ಹೆಂಗಸರು ಒಳಗೆ ಹೋಗುವ ಕ್ರಮವಿಲ್ಲ. ನಮಾಜಿಗೆ ಕರೆಯುವ ಬಾಂಗು ಕೇಳುತ್ತದೆ, ಉಸ್ತಾದರು ಓದುವುದು ಕೇಳುತ್ತದೆ, ಕೈಕಾಲು ತೊಳೆಯುವ ಕೊಳದಲ್ಲಿ ನೀರು ಮೊಗೆಯುವುದೂ ಕೇಳುತ್ತದೆ. ಅಷ್ಟಾದರೂ ಸಿಕ್ಕಿತಲ್ಲ, ಅಲ್‌ಹಮ್ದುಲಿಲ್ಲಾ ಎಂದುಕೊಂಡು ಮೂವತ್ತು ವರ್ಷ ಕಳೆದಿದ್ದೇನೆ. ಆದರೆ ಮಾಡಿನ ಕೆಳಗೆ ಹಲಸಿನ ಹಲಗೆಗಳನ್ನು ಕೆತ್ತಿ ಹೊಂದಿಸಿದ ಮುಚ್ಚಿಗೆಯ ಬಗ್ಗೆ ಗಂಡ ಹೇಳಿದಾಗಲೆಲ್ಲ ಒಮ್ಮೆ ನೋಡಬೇಕು ಎಂದು ಆಸೆಯಾಗುತ್ತಿತ್ತು.

ಹೋದ ವರ್ಷ ಮಾಡಿಗೆ ಗೆದ್ದಲು ಹಿಡಿಯಿತು. ಕೆಲಸದವರು ಅವಸರದಲ್ಲಿ ಮುಚ್ಚಿಗೆ ಬಿಚ್ಚಿದರು. ಯಾವ ಹಲಗೆ ಎಲ್ಲಿತ್ತು ಎಂದು ಗುರುತು ಹಾಕಲಿಲ್ಲ, ಎಲ್ಲವನ್ನೂ ತಂದು ನಮ್ಮ ಕೊಟ್ಟಿಗೆಯಲ್ಲಿ ರಾಶಿ ಹಾಕಿದರು. ಒಂದಕ್ಕೂ ಮೊಳೆ ಇಲ್ಲ. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂತರೆ ಮಾತ್ರ ನಿಲ್ಲುವಂಥದ್ದು. ಕಮಿಟಿಯಲ್ಲಿ ಎರಡು ಪಂಗಡವಾಯಿತು. ಮತ್ತೆ ಜೋಡಿಸಲು ಸಾಧ್ಯ ಎಂದಾದರೆ ಹಳೆಯದೇ ಇರಲಿ, ಇಲ್ಲವಾದರೆ ಮರ ಮಾರಿ ಕಾಂಕ್ರೀಟು ಹಾಕುವುದು. ಶುಕ್ರವಾರ ಜುಮಾ ಮುಗಿದ ಮೇಲೆ ತೀರ್ಮಾನ. ಮೂಡುಬಿದಿರೆಯ ವಯಸ್ಸಾದ ಆಚಾರಿಯೊಬ್ಬರು ಜೋಡಿಸಿ ಕೊಡುತ್ತೇನೆ, ಆದರೆ ಕಣ್ಣು ಮಂಜು, ಪ್ರತಿ ಹಲಗೆಯ ಅಳತೆ ತೆಗೆದು ನಕ್ಷೆ ಬರೆಯಲು ಒಬ್ಬರನ್ನು ಕಳಿಸುತ್ತೇನೆ ಎಂದಿದ್ದರಂತೆ.

ಬುಧವಾರ ಬಂದವಳು ಒಬ್ಬಳು ಹುಡುಗಿ. ಸ್ಕೂಟರಿನಲ್ಲಿ, ಒಬ್ಬಳೇ. ಕಟ್ಟಡ ಕಟ್ಟುವ ವಿದ್ಯೆ ಓದುತ್ತಿದ್ದೇನೆ, ಆಚಾರಿಯವರು ಕಳಿಸಿದ್ದು ಎಂದಳು. ಗುರುತಿಗೆ ಕೈಯಲ್ಲಿ ಒಂದು ಕಾಗದವೂ ಇಲ್ಲ. ಅಂಗಡಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿದರೆ ಆಚಾರಿ ಫೋನ್ ಎತ್ತುತ್ತಿಲ್ಲ ಎಂದರು. ಮನೆ ಎಲ್ಲಿ ಎಂದು ಕೇಳಿದೆ. ಬಸದಿಯ ಹತ್ತಿರ ಎಂದಳು. ಜೈನರ ಮನೆಯವಳು, ನಮ್ಮವಳಲ್ಲ.

ರಾಶಿಯ ಪಕ್ಕ, ಚಾಪೆಯ ಅಡಿಯಲ್ಲಿ ಒಂದು ಹಲಗೆ ಇತ್ತು. ಅದರ ತುಂಬ ಅರಳಿದ ತಾವರೆ. ಹೊರಗಿನವರ ಕಣ್ಣಿಗೆ ಬೀಳಬಾರದು, ಕಾಲ ಸರಿ ಇಲ್ಲ ಎಂದು ಗಂಡನೇ ಮುಚ್ಚಿಟ್ಟಿದ್ದರು. ಒಂದು ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ, ಮರುದಿನ ಇಲ್ಲಿ ಮೊದಲು ಗುಡಿ ಇತ್ತು ಎಂದು ಗೇಟಿನ ಮುಂದೆ ಜನ ಸೇರುವುದನ್ನು ನಾವು ಕೇಳದವರಲ್ಲ.

ಮೊದಲು ಅವಳ ಫೋನ್ ಇಸಿದುಕೊಂಡು ಅಕ್ಕಿಯ ಡ್ರಮ್ಮಿನಲ್ಲಿ ಹಾಕಿದೆ.

"ಆಂಟಿ, ಅದು ಟಾರ್ಚಿಗೆ ಬೇಕಿತ್ತು."

"ಟಾರ್ಚು ನಾನು ಕೊಡ್ತೇನೆ. ಫೋನ್ ಹೋಗುವಾಗ ತೆಗೆದುಕೊಂಡು ಹೋಗು."

ಅವಳು ನಕ್ಕು ಕೂತಳು. ಹಲಗೆಗಳ ಅಂಚಿನಲ್ಲಿ ಹಿಂದಿನ ಆಚಾರಿಗಳು ಉಳಿಯಿಂದ ಗೀಟು ಹಾಕಿದ್ದು ಅವಳಿಗೆ ಕಂಡಿತು. ಒಂದು ಗೀಟಿನ ಹಲಗೆಗೆ ಒಂದು ಗೀಟಿನದ್ದೇ ಜೋಡಿ, ಎರಡಕ್ಕೆ ಎರಡು. ಗುರುತು ಹಾಕುವ ಬುದ್ಧಿ ಅವರಿಗಿತ್ತು, ನಮ್ಮವರಿಗೆ ಇರಲಿಲ್ಲ. ನಾನು ಬಾಗಿಲಲ್ಲಿ ಅಲಸಂಡೆ ಹೆಚ್ಚುತ್ತಾ ಅವಳ ಕೈ, ಅವಳ ಚೀಲ, ಅವಳ ಪುಸ್ತಕ ನೋಡುತ್ತಿದ್ದೆ.

"ಆಂಟಿ, ನನ್ನನ್ನೇ ನೋಡ್ತಾ ಇದ್ರೆ ಬೆರಳು ಪಲ್ಯಕ್ಕೆ ಬೀಳ್ತದೆ," ಎಂದಳು. ನಗಬಾರದು ಎಂದುಕೊಂಡೇ ನಕ್ಕೆ.

ಮಧ್ಯಾಹ್ನದ ಹೊತ್ತಿಗೆ ಅವಳ ಮುಖ ಸಣ್ಣಗಾಯಿತು. ನಡುವಿನ ಒಂದು ಹಲಗೆ ಇಲ್ಲ, ಸುತ್ತಲಿನ ಎಂಟರ ಅಂಚು ಅದರ ಕಚ್ಚಿನಲ್ಲೇ ಕೂರಬೇಕು, ಅದಿಲ್ಲದೆ ಯಾವುದೂ ನಿಲ್ಲುವುದಿಲ್ಲ ಎಂದಳು. ಗೆದ್ದಲು ತಿಂದಿರಬೇಕು ಎಂದುಬಿಟ್ಟೆ. ಅಷ್ಟರಲ್ಲಿ ಬಾಂಗು ಆಯಿತು. ಆ ಸುಳ್ಳನ್ನು ಬಾಯಲ್ಲಿಟ್ಟುಕೊಂಡೇ ನಮಾಜಿಗೆ ನಿಂತೆ. ಸುಜೂದಿನಲ್ಲಿ ಹಣೆ ಊರಿದಾಗಲೂ ಆ ಹಲಗೆಯೇ ನೆನಪಾಯಿತು. ಪಳ್ಳಿಯ ಮುಚ್ಚಿಗೆ ನನ್ನ ಒಂದು ಮಾತಿನಿಂದ ಹೋದರೆ ನಾಳೆ ಸೃಷ್ಟಿಸಿದವನ ಮುಂದೆ ಏನೆಂದು ಹೇಳಲಿ?

ಕೊಟ್ಟಿಗೆಗೆ ಬಂದು ಆ ಚಾಪೆ ಎಳೆದೆ.

ಅವಳು ಶಾಲಿನ ತುದಿಯಿಂದ ಧೂಳು ಒರೆಸಿ ಎಸಳುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ನಮ್ಮ ಬಸದಿಯಲ್ಲಿಯೂ ಇದೇ ಉಂಟು ಆಂಟಿ. ಎಸಳಿನ ತುದಿ ಮಡಚಿದ್ದು ಸಹ ಹೀಗೆಯೇ," ಎಂದಳು.

"ಹಾಗಾದರೆ ನಾಳೆ ನಿಮ್ಮವರು ಬಂದು ಇದು ನಮ್ಮದು ಅಂತ ಹೇಳ್ತಾರಾ?"

ಅವಳ ಮುಖ ಕೆಂಪಾಯಿತು. "ಆಚಾರಿಗಳು ಅಲ್ಲಿಯೂ ಕೆಲಸ ಮಾಡಿದ್ದಾರೆ, ಇಲ್ಲಿಯೂ ಮಾಡಿದ್ದಾರೆ. ಅವರ ಕೈಗೆ ಬರುವ ಹೂವು ಅದು."

"ಇದನ್ನು ಮಾತ್ರ ಬರೆಯಬೇಡ ಮಗಾ. ಆ ಜಾಗ ಖಾಲಿ ಬಿಡು."

"ಬಿಡ್ತೇನೆ. ಆದರೆ ನಡುವಿನದ್ದು ಯಾಕೆ ಖಾಲಿ ಅಂತ ನೋಡಿದವರೆಲ್ಲ ಕೇಳ್ತಾರೆ. ಇದ್ದದ್ದನ್ನು ಅಡಗಿಸಿದ್ದು ಗೊತ್ತಾದರೆ ಆಗ ಏನು ಹೇಳ್ತೀರಿ?"

ಅವಳ ಮೇಲೆ ನಂಬಿಕೆ ಬಂತು ಎಂದಲ್ಲ. ಬರೆ ಎಂದೆ.

ಸಂಜೆ ಗಂಡ ಬಂದು, ಯಾರು ಏನು ಎಂದು ತಿಳಿಯದೆ ತೋರಿಸಿದ್ದಕ್ಕೆ ಬೈದರು. ಬೈದು ಮುಗಿದ ಮೇಲೆ ಅವಳು ಬರೆದಿಟ್ಟ ನಕ್ಷೆ ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಗೀಟುಗಳನ್ನು ತಾವೇ ತಾಳೆ ನೋಡಿದರು. ಶುಕ್ರವಾರ ಅದನ್ನೇ ಕಮಿಟಿಯ ಮುಂದಿಟ್ಟರು. ವಾದ ಬಹಳ ಆಯಿತಂತೆ, ಕೊನೆಗೆ ಹಳೆಯದೇ ಇರಲಿ ಎಂದಾಯಿತು.

ಮೇಲೆ ಏರಿಸುವ ಮೊದಲು ನೆಲದ ಮೇಲೆ ಒಮ್ಮೆ ಜೋಡಿಸಿ ನೋಡಬೇಕು ಎಂದರು ಆಚಾರಿ. ಅಷ್ಟು ಸಮತಟ್ಟಾದ ಜಾಗ ಇದ್ದದ್ದು ನಮ್ಮ ಅಂಗಳ ಒಂದೇ. ಹಾಗಾಗಿ ಎರಡು ದಿನ ಪಳ್ಳಿಯ ಮುಚ್ಚಿಗೆ ಕೆತ್ತನೆ ಮೇಲಾಗಿ ನನ್ನ ಅಂಗಳದಲ್ಲಿ ಹಾಸಿತ್ತು. ಕಾಂಪೌಂಡಿನ ಆಚೆ ಜನ ನಿಂತು ಇಣುಕಿದರು. ಕೆಲವರು ಗುರುತಿನವರು, ಕೆಲವರು ಅಲ್ಲ. ಇಬ್ಬರು ಫೋನ್ ಎತ್ತಿ ಹಿಡಿದರು. ಟಾರ್ಪಾಲು ಹಾಕುವ ಎಂದು ಗಂಡ ತಂದರು. ಬೇಡ, ಹಾಕಿದರೆ ಇನ್ನಷ್ಟು ಜನ ಬರುತ್ತಾರೆ ಎಂದೆ. ಒಂದು ಕುರ್ಚಿ ತಂದು ತಾವರೆಯ ಪಕ್ಕದಲ್ಲೇ ಹಾಕಿಕೊಂಡು, ತಸ್ಬಿಯ ಮಣಿ ಎಣಿಸುತ್ತಾ ಕೂತೆ. ಬಂದವರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿಟ್ಟುಕೊಂಡೆ. ನಡುನಡುವೆ ಮುಚ್ಚಿಗೆಯನ್ನೂ ನೋಡಿದೆ.